ಅಜ್ಜಿಮನೆಗೆ ಹೊರಟ ಪುಟಾಣಿ

ಮುಂಬಯಿಯಿಂದ ಉಡುಪಿಯ ಅಜ್ಜಿಮನೆಗೆ ಪುಟ್ಟ ಮಗುವಿನೊಂದಿಗೆ ಕೊಂಕಣ ರೈಲಿನಲ್ಲಿ ಹೊರಟಿದ್ದೀರಾ? 5 ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡ, ನಿಜ; ಆದರೆ ಬರ್ತೂ ಸಿಗುವುದಿಲ್ಲ. ರಾತ್ರಿಯಿಡೀ ಒಂದೇ ಬರ್ತಿನಲ್ಲಿ ಇಬ್ಬರು ಮಲಗುವುದು ಕಷ್ಟ. ಕೈಲಾದರೆ ಪೂರ್ತಿ ದುಡ್ಡು ಕೊಟ್ಟು ಮಗುವಿಗೂ ಒಂದು ಬರ್ತ್ ಮಾಡಿಸಿ. ದಾರಿಯಲ್ಲಿ ಸಿಗುವ ರತ್ನಾಗಿರಿ ಬಳಿಯ ಕರ್ಬುಡೆ ಸುರಂಗ 6.5 ಕಿ.ಮೀ. ಉದ್ದ. ರೈಲು ಒಳಹೊಕ್ಕಾಗ ಒಮ್ಮೆಲೇ ಸದ್ದು ಮೊಳಗಿ ಮಗು ಬೆಚ್ಚೀತು. ಮೊದಲೇ ಹೇಳಿಟ್ಟು ತೊಡೆಮೇಲೆ ಕೂರಿಸಿಕೊಳ್ಳಿ.

ಊರು ತಲುಪಿದ ಮೇಲಿನದೇ ಮುಖ್ಯ ಮಾತು. ವಿಡಿಯೋ ಕಾಲ್‌ನಲ್ಲಿ ನಗುತ್ತಿದ್ದ ಮಗು, ಅಜ್ಜಿ ಎದುರಿಗೆ ಬಂದು ಕೈಚಾಚಿದ ಕೂಡಲೇ ನಿಮ್ಮ ಬೆನ್ನ ಹಿಂದೆ ಅಡಗಬಹುದು. ‘ಹೋಗು, ಮುತ್ತು ಕೊಡು’ ಎಂದು ತಳ್ಳಬೇಡಿ. ಅಜ್ಜಿಗೂ ಫೋನಿನಲ್ಲೇ ತಿಳಿಸಿಡಿ, ಬೇಸರ ಮಾಡಿಕೊಳ್ಳದಿರಲಿ. ಮೊದಲ ದಿನ ನೆಂಟರ ಮನೆ ಸುತ್ತಾಟವನ್ನಂತೂ ಇಟ್ಟುಕೊಳ್ಳಲೇಬೇಡಿ.