ಅಡ್ವಾನ್ಸ್ ಕೊಟ್ಟ ಮೇಲೆ ಜಾತಿ ಕೇಳಿದರು

ಮೋಕದ ಓದುಗರೇ,

ಅಡ್ವಾನ್ಸ್ ಪಡೆದ ಬಳ್ಳಾರಿಯ ಮನೆಯವರು ‘ನಿಮ್ದು ಯಾವ ಜನ?’ ಎಂದು ಕೇಳಿ, ಹಣ ಹಿಂತಿರುಗಿಸಿದರೆಂದು ಬರೆದಿದ್ದೀರಿ. ನೀವು ಪರಿಶಿಷ್ಟ ಜಾತಿಯವರಾದ್ದರಿಂದ ಒಂದು ದಾರಿಯಿದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಂ ಪ್ರಕಾರ ಅಸ್ಪೃಶ್ಯತೆಯ ಕಾರಣಕ್ಕೆ ವಾಸಕ್ಕೆ ಅಡ್ಡಿಪಡಿಸುವುದು ಅಪರಾಧ. ಕನಿಷ್ಠ ಒಂದು ತಿಂಗಳು ಸೆರೆವಾಸ. ದಂಡ ಮಾತ್ರ 100ರಿಂದ 500 ರೂಪಾಯಿ, ಒಂದು ತಿಂಗಳ ಬಾಡಿಗೆಯೂ ಅಲ್ಲ!

ಸಾಬೀತುಪಡಿಸುವುದೇ ಕಷ್ಟ. ಮನೆಯವರು ‘ನಮ್ಮ ಸಂಬಂಧಿಕರು ಬರ್ತಾರೆ’ ಎಂದುಬಿಟ್ಟರೆ? ಹಾಗಾಗಿ ವಾಟ್ಸಾಪ್ ಸಂದೇಶ, ಹಣ ಕಳಿಸಿದ ದಾಖಲೆ ಅಳಿಸಬೇಡಿ. ಬ್ರೋಕರ್ ಸಾಕ್ಷಿ ಹೇಳುವರೇ ವಿಚಾರಿಸಿ. ಆ ಮನೆ ಯಾವ ಠಾಣೆಯ ವ್ಯಾಪ್ತಿಗೆ ಬರುತ್ತದೋ ಅಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಧರ್ಮದ ಕಾರಣಕ್ಕೆ ಮನೆ ಸಿಗದ ನಿಮ್ಮ ಮುಸ್ಲಿಂ ಗೆಳೆಯನಿಗೆ ಈ ಕಲಂ ಕೂಡ ಒದಗದು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಅಡ್ವಾನ್ಸಿಗೆ ಎರಡು ತಿಂಗಳ ಬಾಡಿಗೆಯ ಮಿತಿ ಹಾಕಿತು. ಜಾತಿ, ಧರ್ಮ ನೋಡಿ ಮನೆ ನಿರಾಕರಿಸಬಾರದೆಂದು ಬರೆಯಲಿಲ್ಲ. ತಿದ್ದುಪಡಿ ಬೇಕಿರುವುದು ಅಲ್ಲಿ.