ಪಾಲಿಯೆಸ್ಟರ್ ಪರದೆಗೆ ಮನೆಯಲ್ಲೇ ಮರುಬಣ್ಣ

ಹತ್ತಿ ಬೆಳೆಯುವ ಹಾವೇರಿ, ರಾಣೇಬೆನ್ನೂರು ಸೀಮೆಯ ಮನೆಗಳಲ್ಲೂ ಇಂದು ಪಾಲಿಯೆಸ್ಟರ್ ಪರದೆಗಳು ಸಾಮಾನ್ಯ. ಹತ್ತಿಗೆಂದು ತಯಾರಾದ ಬಣ್ಣದ ಪುಡಿ ಇವಕ್ಕೆ ಹಿಡಿಯದು. ಗ್ರಾಹಕರ ಹಣ ಮೊದಲ ಒಗೆತದಲ್ಲೇ ನೀರುಪಾಲು. ಆದುದರಿಂದ ಪುಡಿ ಮಾರುವ ವರ್ತಕರು ಬಟ್ಟೆ ಯಾವುದೆಂದು ಮೊದಲು ವಿಚಾರಿಸುವುದು ಲೇಸು. ಸಂಶಯವಿದ್ದಲ್ಲಿ ಅಂಚಿನ ಎಳೆಯೊಂದನ್ನು ಇಕ್ಕಳದಲ್ಲಿ ಹಿಡಿದು ಸುಡಬೇಕು. ಹತ್ತಿ ಮೆದು ಬೂದಿಯಾಗುವುದು. ಪಾಲಿಯೆಸ್ಟರ್, ನೈಲಾನ್ ಕರಗಿ ಗಟ್ಟಿ ಮಣಿಯಾಗುವುವು.

ನೈಲಾನ್ ಆದರೆ ವಿನೆಗರ್ ಬೆರೆತ ಬಿಸಿನೀರಿನಲ್ಲಿ ಆಸಿಡ್ ಬಣ್ಣವನ್ನು ಹೀರುತ್ತದೆ. ಪಾಲಿಯೆಸ್ಟರಿಗೆ ಡಿಸ್ಪರ್ಸ್ ಬಣ್ಣವೇ ಬೇಕು. ಗಿರಣಿಗಳಲ್ಲಿ ಒತ್ತಡದಡಿ ಸುಮಾರು 130 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ; ಮನೆಯ ಪಾತ್ರೆಯ ನೀರು 100 ದಾಟದು, ತಿಳಿಛಾಯೆಯಷ್ಟೇ ಸಾಧ್ಯ. (ಕುಕ್ಕರಿನ ಸಾಹಸ ಸಲ್ಲದು, ಬಣ್ಣ ಕುದಿಸಿದ ಪಾತ್ರೆ ಮತ್ತೆ ಅಡುಗೆಗೆ ಬಾರದು.)

ಬ್ಯಾಡಗಿ ಮೆಣಸಿನಕಾಯಿಯ ಕೆಂಪು? ಅದು ಎಣ್ಣೆಯಲ್ಲಿ ಕರಗುವ, ಬಿಸಿಲಿಗೆ ಮಾಸುವ ಬಣ್ಣ. ಆಹಾರೋದ್ಯಮಕ್ಕೆ ಒಪ್ಪುವುದೇ ಹೊರತು ಪರದೆಗಲ್ಲ.