ಸೀಟಿನಡಿಯ ಖರ್ಚು

ಹಳೆಯ ವ್ಯಾನಿನ ಎಂಜಿನ್ ಜಾಮ್ ಆಯಿತು ಎಂದರೆ ಎಲ್ಲರೂ ಕೇಳುವುದು ಎಷ್ಟು ಕಿಲೋಮೀಟರ್ ಓಡಿತ್ತು ಅಂತ. ಹೀಟ್ ಆದ ಮೇಲೆ ಎಷ್ಟು ದೂರ ಓಡಿಸಿದರು ಎಂದು ಕೇಳಬೇಕು. ದೊಡ್ಡ ಮೊತ್ತ ಕೈಬಿಟ್ಟು ಹೋಗುವುದು ಆ ಕೊನೆಯ ದೂರದಲ್ಲಿ.

ನಮ್ಮದು ಮಾರುತಿ ಓಮ್ನಿ. 1984ರಿಂದ 2019ರವರೆಗೆ ಮಾರಾಟವಾದ ಗಾಡಿ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಗಟ್ಟಿ ಜೀವ. ತುಮಕೂರಿನಲ್ಲಿ ಅಡುಗೆ ಕಾಂಟ್ರಾಕ್ಟ್ ಹಿಡಿಯುವ ಭಾವ ಪಾತ್ರೆ ಪಡಗ ಸಾಗಿಸುವುದು ಅದರಲ್ಲೇ. ಲೆಕ್ಕ ಬರೆಯುವವನು ನಾನು. ಮದುವೆ ಸೀಸನ್ನಿನಲ್ಲಿ ಕುಣಿಗಲ್ ಕಡೆಯಿಂದ ಬರುವಾಗ ಎಂಜಿನ್ ಕಚ್ಚಿಕೊಂಡಿತು. ಮೂಲ ಕಾರಣ, ಎಂಜಿನ್ ತಣಿಸುವ ನೀರು ಹರಿಯುವ, ಬಿರುಕು ಬಿಟ್ಟ ಒಂದು ರಬ್ಬರ್ ಹೋಸ್.

ಭಾವ ಡ್ರೈವರ್ ಹುಡುಗನ ಮೇಲೆ ಕೂಗಾಡಿದರು. ಅವನು ಹೇಳಿದ್ದು ಸುಳ್ಳಲ್ಲ: ‘ಮುಳ್ಳು ಮೇಲಕ್ಕೆ ಹೋಗಿತ್ತಣ್ಣ, ಆಮೇಲೆ ತಾನೇ ಇಳೀತು. ತಣ್ಣಗಾಯ್ತು ಅಂದ್ಕೊಂಡೆ.’ ಹೀಟ್ ತೋರಿಸುವ ಆ ಮುಳ್ಳಿನ ಸೆನ್ಸರ್ ಅಳೆಯುವುದು ನೀರಿನ ಬಿಸಿಯನ್ನು. ನೀರೆಲ್ಲ ಸೋರಿಹೋದರೆ ಅದು ಬರೀ ಗಾಳಿಯಲ್ಲಿ ನಿಂತಿರುತ್ತದೆ. ಒಳಗೆ ಲೋಹ ಕಾಯುತ್ತಿದ್ದರೂ ಮುಳ್ಳು ಇಳಿಯಬಹುದು. ಅಷ್ಟರಲ್ಲಿ ಅಲ್ಯೂಮಿನಿಯಂ ಹೆಡ್ ಬೆಂಡಾಗಿ ಗ್ಯಾಸ್ಕೆಟ್ ಹೋಗುತ್ತದೆ. ಅಳಿದುಳಿದ ನೀರು ಆಯಿಲಿಗೆ ಬೆರೆತು ಅದು ಹಾಲು ಹೆಚ್ಚಾದ ಕಾಫಿಯ ಹಾಗೆ ಕಾಣುತ್ತದೆ. ಆ ಆಯಿಲಿನಲ್ಲಿ ಬೇರಿಂಗ್ ಬಾಳುವುದಿಲ್ಲ. ಪಿಸ್ಟನ್ ಹಿಗ್ಗಿ ಬೋರನ್ನು ಗೀರುತ್ತದೆ, ಕೊನೆಗೆ ಅಲ್ಲೇ ಕಚ್ಚುತ್ತದೆ.

ಹೋಸಿಗೆ ಬೇಕಾದದ್ದು ಕೆಲವು ನೂರು. ಮುಳ್ಳು ಏರಿದಾಗಲೇ ಆಫ್ ಮಾಡಿದ್ದರೆ, ಹೆಚ್ಚೆಂದರೆ ಹೆಡ್ ಇಳಿಸಿ ಲೇತಿನಲ್ಲಿ ಫೇಸಿಂಗ್, ಹೊಸ ಗ್ಯಾಸ್ಕೆಟ್; ಕೆಲವು ಸಾವಿರದಲ್ಲಿ ಮುಗಿಯುತ್ತಿತ್ತು. ಈಗ ಬೋರಿಂಗ್, ಓವರ್‌ಸೈಜ್ ಪಿಸ್ಟನ್, ಕ್ರ್ಯಾಂಕ್ ಗ್ರೈಂಡಿಂಗ್. ಮೆಕ್ಯಾನಿಕ್ ಹೇಳಿದ ಮೊತ್ತ ಗಾಡಿಯ ಬೆಲೆಯ ಅರ್ಧ ದಾಟಿತ್ತು.

‘ಇನ್ಶೂರೆನ್ಸ್ ಇದೆಯಲ್ಲ?’ ಎಂದರು ಭಾವ. ಮಾಮೂಲಿ ಪಾಲಿಸಿ ಅಪಘಾತಕ್ಕೆ, ಕಳ್ಳತನಕ್ಕೆ, ಬೆಂಕಿಗೆ ಆಗುತ್ತದೆ. ಸವೆತಕ್ಕೂ ಯಂತ್ರ ತಾನಾಗಿ ಕೆಟ್ಟದ್ದಕ್ಕೂ ಆಗುವುದಿಲ್ಲ.

ಬಿಚ್ಚಿದಾಗ ಇನ್ನೊಂದು ಗೊತ್ತಾಯಿತು. ಥರ್ಮೋಸ್ಟಾಟ್ ವಾಲ್ವೇ ಇಲ್ಲ. ಹಿಂದೆ ಯಾರೋ ‘ನಮ್ಮ ಬಿಸಿಲಿಗೆ ಇದ್ಯಾಕೆ’ ಎಂದು ಕಿತ್ತೆಸೆದಿದ್ದಾರೆ. ಇದನ್ನು ಉಳಿತಾಯ ಎನ್ನುವವರನ್ನು ಕಂಡರೆ ನನಗೆ ಸಿಟ್ಟು. ವಾಲ್ವ್ ಇಲ್ಲದ ಎಂಜಿನ್ ಬೇಗ ಕಾವಿಗೆ ಬರುವುದಿಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ರೇಡಿಯೇಟರ್ ಅರ್ಧ ಕಟ್ಟಿಕೊಂಡಿದ್ದರೂ ಸುಳಿವು ಕೊಡುವುದಿಲ್ಲ. ನಮ್ಮದು ಕಟ್ಟಿಕೊಂಡೇ ಇತ್ತು: ಕೂಲೆಂಟ್ ಬದಲು ವರ್ಷಗಟ್ಟಲೆ ಬೋರ್‌ವೆಲ್ ನೀರು ಹುಯ್ದು ಒಳಗೆಲ್ಲ ತುಕ್ಕು, ಸುಣ್ಣದ ಪದರ. ಓಮ್ನಿಯ ಎಂಜಿನ್ ಮುಂದಿನ ಸೀಟಿನಡಿ ಇರುವುದರಿಂದ, ಸೀಟು ಎತ್ತಿ ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ ಬೇರೆ.

ಗುಜರಿಯಿಂದ ಹಳೇ ಎಂಜಿನ್ ತಂದು ಕೂರಿಸಿದರೆ ಅಗ್ಗ ಎಂದು ಭಾವನ ಸ್ನೇಹಿತರ ಸಲಹೆ. ಆದರೆ ಎಂಜಿನ್ ನಂಬರ್ ಆರ್‌ಸಿಯಲ್ಲಿರುತ್ತದೆ. ಬದಲಾಯಿಸಿದರೆ ಆರ್‌ಟಿಒದಲ್ಲಿ ನಮೂದಾಗಬೇಕು, ತಂದ ಎಂಜಿನ್ನಿಗೆ ಸರಿಯಾದ ದಾಖಲೆ ಬೇಕು. ಕಾಗದವಿಲ್ಲದ ಎಂಜಿನ್ ನಾಳೆ ಗಾಡಿ ಮಾರುವಾಗ ಕುತ್ತಿಗೆಗೆ ಬರುತ್ತದೆ. ಅದೂ ಅಲ್ಲದೆ, ಆ ಎಂಜಿನ್ ಎಷ್ಟು ಸಲ ಹೀಟ್ ಆಗಿತ್ತೋ ಯಾರಿಗೆ ಗೊತ್ತು?

ಇಂಥ ಹೊತ್ತಲ್ಲಿ ಗಾಡಿಯ ಬೆಲೆ ನೋಡಿ ರಿಪೇರಿ ತೀರ್ಮಾನಿಸುವುದು ವಾಡಿಕೆ. ನಾನು ನೋಡಿದ್ದು ಬಾಡಿಗೆ. ಓಮ್ನಿ ಇಲ್ಲದಿದ್ದರೆ ಪ್ರತಿ ಆರ್ಡರಿಗೂ ಲಗೇಜ್ ಆಟೊ ಹಿಡಿಯಬೇಕು. ಆ ಲೆಕ್ಕದಲ್ಲಿ ಬೋರ್ ಕೆಲಸದ ದುಡ್ಡು ಒಂದೇ ಸೀಸನ್ನಿನಲ್ಲಿ ಹುಟ್ಟುತ್ತಿತ್ತು. ಬಾಡಿ ತುಕ್ಕು ತಿಂದಿದ್ದರೆ ಮಾರಿಬಿಡಿ ಎನ್ನುತ್ತಿದ್ದೆ. ತಿಂದಿರಲಿಲ್ಲ. ಎಂಜಿನ್ ಮಾಡಿಸಿದೆವು, ಹೊಸ ರೇಡಿಯೇಟರ್, ಎಲ್ಲ ಹೋಸುಗಳು, ವಾಲ್ವ್ ಸಮೇತ.

ರನ್ನಿಂಗ್-ಇನ್ ಮುಗಿಯುವವರೆಗೆ ಫುಲ್ ಲೋಡ್ ಹಾಕಬೇಡಿ ಎಂದಿದ್ದಾರೆ ಮೆಕ್ಯಾನಿಕ್. ಹಾಗಾಗಿ ದೊಡ್ಡ ಹಂಡೆಗಳು ಸದ್ಯಕ್ಕೆ ಲಗೇಜ್ ಆಟೊದಲ್ಲೇ ಹೋಗುತ್ತಿವೆ. ಆ ಬಾಡಿಗೆಯನ್ನೂ ಎಂಜಿನ್ ಖರ್ಚಿನ ಕೆಳಗೇ ಬರೆಯುತ್ತಿದ್ದೇನೆ. ಭಾವನಿಗೆ ಅದು ಅಷ್ಟು ಸರಿಬಂದಿಲ್ಲ.